ಪೆನ್ಸಿಲ್‌ನಲ್ಲಿ ಮುಖ ಚೆನ್ನಾಗಿ ಬರುತ್ತೆ, ಆಯಿಲ್ ಬಣ್ಣ ಹಿಡಿದರೆ ರಾಡಿಯಾಗುತ್ತೆ. ಇಂಪ್ರೆಷನಿಸ್ಟ್ ಶೈಲಿಯಲ್ಲಿ, ಅಂದ್ರೆ ಆ ಹೊತ್ತಿನ ಬೆಳಕು, ಬಣ್ಣವನ್ನು ಬಿಡಿ ಕುಂಚದ ಗುರುತುಗಳಲ್ಲಿ ಹಿಡಿಯೋ ರೀತಿಯಲ್ಲಿ, ಮನುಷ್ಯರನ್ನು ಬರೆಯೋದು ಹೇಗೆ ಕಲಿಯಲಿ?

ನೀವು ಮಡಿಕೇರಿಯವರು, ಫೋಟೊ ನೋಡಿ ಬರೆಯುತ್ತೀರಿ ಅಂತ ಹೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯವಳು. ಶುರುವಿನಲ್ಲಿ ನನಗೂ ಹೀಗೇ ಆಗುತ್ತಿತ್ತು.

ಒಂದು ಜನವರಿಯಲ್ಲಿ ನಮ್ಮ ಅತ್ತೆಯನ್ನು ಕಾಫಿ ಕಣದ ಅಂಚಿಗೆ, ಸಿಲ್ವರ್ ಮರದ ನೆರಳಲ್ಲಿ ಕೂರಿಸಿಕೊಂಡಿದ್ದೆ. ಮೈಬಣ್ಣ ಅಂತ ಒಂದನ್ನು ಕಲಸಿಟ್ಟು, ಬೆಳಕಿಗೆ ಅದಕ್ಕೇ ಬಿಳಿ, ನೆರಳಿಗೆ ಕಪ್ಪು ಸೇರಿಸುತ್ತಾ ಹೋದೆ. ಮುಖಕ್ಕೆ ಬೂದಿ ಬಳಿದ ಹಾಗಾಯಿತು. ಎಲ್ಲ ಕೆರೆದು ಹಾಕಿ, ಕಣ್ಣು ಕಿರಿದು ಮಾಡಿಕೊಂಡು ಸುಮ್ಮನೆ ನೋಡಿದೆ. ನೆರಳಿದ್ದ ಕೆನ್ನೆಯಲ್ಲಿ ಎಲೆಯ ಹಸಿರಿತ್ತು. ಹಣೆಯ ಮೇಲೆ ಆಕಾಶದ ತಿಳಿನೀಲಿ. ಗದ್ದದ ಕೆಳಗೆ, ಆವತ್ತೇ ಬಿಸಿಲಿಗೆ ಹರಡಿದ್ದ ಹಣ್ಣಿನ ಕೆಂಪು! ನೆರಳಲ್ಲಿ ಇಷ್ಟು ಬಣ್ಣ ಇರುತ್ತದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರ ರೆನ್ವಾರ್ ಇದನ್ನೇ ಮಾಡಿ 1876ರಲ್ಲಿ ತೋರಿಸಿದಾಗ, ಎಲೆಗಳ ನಡುವಿನ ಬಿಸಿಲು ಬಿದ್ದ ಹೆಣ್ಣಿನ ಮೈಯನ್ನು ವಿಮರ್ಶಕ ಆಲ್ಬರ್ಟ್ ವುಲ್ಫ್ ಕೊಳೆಯುತ್ತಿರುವ ಮಾಂಸಕ್ಕೆ ಹೋಲಿಸಿದ್ದ. ಮನೆಯವರು 'ಮುಖ ಯಾಕೆ ಹಸಿರು' ಅಂದರೆ ಎದೆಗುಂದಬೇಡಿ.

ರಾಡಿಯಾಗುವುದಕ್ಕೆ ಇನ್ನೊಂದು ಕಾರಣ ಕುಂಚ. ಪೆನ್ಸಿಲ್‌ನಲ್ಲಿ ಉಜ್ಜಿ ಉಜ್ಜಿ ನಯ ಮಾಡುವ ಅಭ್ಯಾಸ ಆಯಿಲ್‌ಗೆ ಬಂದರೆ ಅಡಿಯ ಹಸಿ ಬಣ್ಣವೂ ಎದ್ದು ಬೆರೆಯುತ್ತದೆ. ಒಂದು ಸಲ ಇಡಿ, ಕೈ ತೆಗೆಯಿರಿ, ಕುಂಚ ಒರೆಸಿಕೊಳ್ಳಿ. ಬೆಳಕಿಗೊಂದು, ನೆರಳಿಗೊಂದು ಕುಂಚ ಬೇರೆಯಿರಲಿ. ಒರಟು ಕೂದಲಿನ ಚಪ್ಪಟೆ ಕುಂಚವಾದರೆ ರೆಪ್ಪೆ ಎಣಿಸುವ ಆಸೆಯೇ ಹುಟ್ಟುವುದಿಲ್ಲ. ಮೊದಲು ಇಡೀ ಆಕೃತಿಯಲ್ಲಿ ಬೆಳಕೆಷ್ಟು, ನೆರಳೆಷ್ಟು ಅಂತ ಎರಡೇ ಪಾಲು ಮಾಡಿ. ತಲೆ, ಹೆಗಲು, ಮಡಿಲ ಮೇಲಿನ ಕೈ ಒಟ್ಟಿಗೇ ಬೆಳೆಯಲಿ. ಕಣ್ಣು ಕೊನೆಗೆ. ಸೀರೆಯ ನೆರಳು ಹಿಂದಿನ ಕತ್ತಲಲ್ಲಿ ಕರಗಿದ್ದರೆ ಅಲ್ಲಿ ಗೆರೆ ಎಳೆಯಬೇಡಿ, ಕರಗಿಯೇ ಇರಲಿ.

ಬಣ್ಣ ಐದು ಸಾಕು: ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್, ಬರ್ಂಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ). ಕೊನೆಯ ಎರಡು ಬೆರೆಸಿದರೆ ಕಪ್ಪಿಗಿಂತ ಜೀವವಿರುವ ಗಾಢ ಬಣ್ಣ ಸಿಗುತ್ತದೆ. ದೊಡ್ಡ ಕ್ಯಾನ್ವಾಸ್ ಈಗಲೇ ಬೇಡ. 8x10 ಇಂಚಿನ ಬೋರ್ಡಿನಲ್ಲಿ, 40 ನಿಮಿಷಕ್ಕೊಂದರಂತೆ ಬರೆಯಿರಿ. ಬಿಸಿಲು ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಕಡೆ ನಿಲ್ಲುವುದೂ ಇಲ್ಲ.

ನಮ್ಮ ಊರಿನ ಮಳೆಗಾಲದ ಬಗ್ಗೆ ಒಂದು ಮಾತು. ಅಗಸೆ ಎಣ್ಣೆಯಲ್ಲಿ ಕಲಸಿದ ಆಯಿಲ್ ಬಣ್ಣ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಥಂಡಿ, ಕತ್ತಲೆಯಲ್ಲಿ ಅದು ಬಹಳ ನಿಧಾನ, ಮೇಲೆ ಬೂಸ್ಟು ಬೇರೆ. ಅವಸರಪಟ್ಟು ನಾನು ಒಂದು ಚಿತ್ರವನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ, ಹಸಿ ಬಣ್ಣಕ್ಕೆಲ್ಲ ಮಸಿ ಹಿಡಿಯಿತು. ಗಾಳಿಯಾಡುವ ಬೆಳಕಿನ ಕೋಣೆಯಲ್ಲಿ ಗೋಡೆಗೆ ತಾಗದಂತೆ ಇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಫೋಟೊ ಮಾತ್ರ ಸದ್ಯಕ್ಕೆ ಬಿಡಿ. ನಾನು ಹೇಳಿದ ಆ ಹಸಿರು, ಕೆಂಪೆಲ್ಲ ಫೋನಿನ ಫೋಟೊದಲ್ಲಿ ಬಹಳಷ್ಟು ಸಲ ಬರೀ ಕಪ್ಪಾಗಿಬಿಡುತ್ತದೆ. ಕೂರಲು ಯಾರೂ ಒಪ್ಪದಿದ್ದರೆ ಕಿಟಕಿ ಪಕ್ಕ ಕನ್ನಡಿ ಇಟ್ಟುಕೊಂಡು ನಿಮ್ಮನ್ನೇ ಬರೆಯಿರಿ.