ಇಪ್ಪತ್ತು ಟೆಸ್ಟ್ ಮಾಡಿದ್ದೇನೆ, ಎಷ್ಟನ್ನು ನಂಬಲಿ?

ಪ್ರಶ್ನೆ: ನಾನು ಪಿಎಚ್.ಡಿ. ವಿದ್ಯಾರ್ಥಿನಿ. ಎರಡು ಗುಂಪಿನ ಜನರ ರಕ್ತದಲ್ಲಿ 20 ಅಂಶಗಳನ್ನು ಅಳೆದು, ಗುಂಪುಗಳ ನಡುವೆ ವ್ಯತ್ಯಾಸ ಇದೆಯೇ ಎಂದು ನೋಡಲು ಒಂದೊಂದಕ್ಕೂ ಒಂದು ಸಂಖ್ಯಾಶಾಸ್ತ್ರದ ಟೆಸ್ಟ್ ಮಾಡಿದೆ. 7ರಲ್ಲಿ ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂತು: 0.0004, 0.0026, 0.008, 0.009, 0.021, 0.034, 0.047. ಉಳಿದ 13 ಎಲ್ಲವೂ 0.1ಕ್ಕಿಂತ ಮೇಲೆ. ಬಾನ್‌ಫೆರೋನಿ ತಿದ್ದುಪಡಿ ಮಾಡಿ, ಅಂದರೆ 0.05ರ ಗಡಿಯನ್ನು 20ರಿಂದ ಭಾಗಿಸಿ ಬಿಗಿ ಮಾಡಿ ಅಂತ ಗೈಡ್ ಹೇಳಿದರು. ಮಾಡಿದರೆ ಒಂದೇ ಒಂದು ಉಳಿಯಿತು. ಎರಡು ವರ್ಷದ ಕೆಲಸ ನೀರುಪಾಲಾದ ಹಾಗಿದೆ. 20ರ ಬದಲು ಆ 7ನ್ನು ಮಾತ್ರ ಲೆಕ್ಕಕ್ಕೆ ಹಿಡಿದು, 0.05ನ್ನು 7ರಿಂದ ಭಾಗಿಸಬಹುದಾ?

ಉತ್ತರ: ಭಾಗಿಸಬಾರದು. ಆ 7 ನಿಮ್ಮ ಕೈಗೆ ಸಿಕ್ಕಿದ್ದೇ 20ನ್ನು ನೋಡಿ ಆರಿಸಿಕೊಂಡಿದ್ದರಿಂದ. ಆರಿಸಿದ ಮೇಲೆ, ಆರಿಸಲೇ ಇಲ್ಲ ಅನ್ನುವ ಹಾಗೆ ಲೆಕ್ಕ ಹಾಕಿದರೆ ತಿದ್ದುಪಡಿಗೆ ಅರ್ಥವೇ ಉಳಿಯುವುದಿಲ್ಲ. ಆದರೆ ನಿಮ್ಮ ಕೆಲಸ ಖಂಡಿತ ನೀರುಪಾಲಾಗಿಲ್ಲ.

ಮೊದಲು ತೊಂದರೆ ಎಲ್ಲಿದೆ ನೋಡೋಣ. ಪಿ-ವ್ಯಾಲ್ಯೂ ಅಂದರೆ, ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ. 0.05 ಎಂಬ ಗಡಿ ಒಂದು ಟೆಸ್ಟಿಗೆ ಹಾಕಿಕೊಂಡಿದ್ದು. ನಿಜವಾಗಿ ಏನೂ ವ್ಯತ್ಯಾಸ ಇಲ್ಲದಿದ್ದರೂ 'ಇದೆ' ಎಂದು ತಪ್ಪು ಹೇಳುವ ಸಾಧ್ಯತೆ ಆಗ ನೂರಕ್ಕೆ ಐದು. ಇಂಥ 20 ಟೆಸ್ಟ್ ಮಾಡಿದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ, ಎಲ್ಲೂ ತಪ್ಪದೆ ಪಾರಾಗುವ ಸಾಧ್ಯತೆ 20 ಸಲ 0.95 ಬರೆದು ಎಲ್ಲವನ್ನೂ ಒಂದಕ್ಕೊಂದು ಗುಣಿಸಿದಷ್ಟು, ಅಂದರೆ ಸುಮಾರು 0.36. ಉಳಿದ 64% ಸಲ ಒಂದಾದರೂ ಸುಳ್ಳು ಫಲಿತಾಂಶ ನುಸುಳುತ್ತದೆ.

ಇದು ಬರೀ ಪುಸ್ತಕದ ಲೆಕ್ಕವಲ್ಲ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋಗಳನ್ನು ತೋರಿಸಿದರು. ಮಿದುಳಿನ ಸಾವಿರಾರು ಚುಕ್ಕೆಗಳಲ್ಲಿ ಒಂದೊಂದಕ್ಕೂ ಬೇರೆ ಟೆಸ್ಟ್. ತಿದ್ದುಪಡಿ ಮಾಡದೆ ನೋಡಿದಾಗ ಕೆಲವು ಚುಕ್ಕೆ 'ಕೆಲಸ ಮಾಡುತ್ತಿವೆ' ಎಂದು ತೋರಿಸಿದವು. ತಿದ್ದುಪಡಿ ಮಾಡಿದ ಮೇಲೆ ಒಂದೂ ಉಳಿಯಲಿಲ್ಲ. ಗಡಿ ಸಡಿಲವೂ ಆಗಿರಲಿಲ್ಲ, 0.001 ಇತ್ತು. ಟೆಸ್ಟ್‌ಗಳ ಸಂಖ್ಯೆ ಅಷ್ಟು ಜಾಸ್ತಿ ಇದ್ದಾಗ ಅದೂ ಸಾಲಲಿಲ್ಲ.

ಈಗ ನಿಮ್ಮ ಪಟ್ಟಿ. ಎಲ್ಲೂ ವ್ಯತ್ಯಾಸವೇ ಇಲ್ಲ ಎಂದಾಗಿದ್ದರೆ 20ರಲ್ಲಿ ಸರಾಸರಿ ಒಂದು ಮಾತ್ರ 0.05ರ ಕೆಳಗೆ ಬರಬೇಕಿತ್ತು. ನಿಮಗೆ 7 ಬಂದಿವೆ. ಇದರಲ್ಲಿ ಏನೋ ಇದೆ ಅಂತಲೇ ನನಗೆ ಅನ್ನಿಸುತ್ತದೆ. ಯಾವುದರಲ್ಲಿ ಇದೆ ಎಂಬುದೇ ಪ್ರಶ್ನೆ.

ಬಾನ್‌ಫೆರೋನಿ 0.05ನ್ನು 20ರಿಂದ ಭಾಗಿಸುತ್ತದೆ. ಗಡಿ 0.0025. ಇಡೀ ಪಟ್ಟಿಯಲ್ಲಿ ಒಂದೇ ಒಂದು ಸುಳ್ಳು ನುಸುಳುವ ಸಾಧ್ಯತೆಯೂ 5% ಮೀರಬಾರದು ಎಂಬುದು ಅದರ ಹಟ. ನಿಮ್ಮ ಎರಡನೆಯ ಸಂಖ್ಯೆ 0.0026 ಕೂದಲೆಳೆಯಷ್ಟರಲ್ಲಿ ಬಿದ್ದುಹೋಯಿತು, ಅಲ್ವಾ? ಆದರೆ ಇದೇ ಭರವಸೆಯನ್ನು ಕೊಟ್ಟು, ಎಂದೂ ಇದಕ್ಕಿಂತ ಕಡಿಮೆ ಫಲಿತಾಂಶ ಕೊಡದ ಇನ್ನೊಂದು ವಿಧಾನವಿದೆ. ಸ್ಟುರೆ ಹೋಮ್ 1979ರಲ್ಲಿ ಕೊಟ್ಟಿದ್ದು. ಪಿ-ವ್ಯಾಲ್ಯೂಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಮೊದಲನೆಯದಕ್ಕೆ 0.05 ಭಾಗಿಸು 20. ಅದು ಪಾಸಾದರೆ ಮುಂದಿನದಕ್ಕೆ 0.05 ಭಾಗಿಸು 19, ಅಂದರೆ 0.00263. ನಿಮ್ಮ 0.0026 ಇಲ್ಲಿ ಪಾಸು! ಮೂರನೆಯದಕ್ಕೆ ಗಡಿ 0.00278, ನಿಮ್ಮದು 0.008, ಅಲ್ಲಿಗೆ ನಿಲ್ಲಿಸಬೇಕು. ಹೊಸದಾಗಿ ಯಾವ ಷರತ್ತೂ ಇಲ್ಲದೆ ಒಂದರ ಬದಲು ಎರಡು ಸಿಕ್ಕವು. ಹೋಮ್ ಇರುವಾಗ ಬರೀ ಬಾನ್‌ಫೆರೋನಿ ಹಿಡಿದು ಕೂರಲು ನನಗಂತೂ ಕಾರಣ ಕಾಣುವುದಿಲ್ಲ, ಲೆಕ್ಕ ಸುಲಭ ಅನ್ನುವುದೊಂದು ಬಿಟ್ಟು.

ಮೂರನೆಯ ದಾರಿ ಕೇಳುವ ಪ್ರಶ್ನೆಯೇ ಬೇರೆ. ಒಂದೂ ಸುಳ್ಳು ಇರಬಾರದು ಎನ್ನುವ ಬದಲು, 'ಸಿಕ್ಕಿತು' ಎಂದು ನಾನು ಹೇಳುವ ಪಟ್ಟಿಯಲ್ಲಿ ಸುಳ್ಳಿನ ಪಾಲು ಸರಾಸರಿ 5% ಮೀರದಿದ್ದರೆ ಸಾಕು ಎನ್ನುತ್ತದೆ. ಇದಕ್ಕೆ ಫಾಲ್ಸ್ ಡಿಸ್ಕವರಿ ರೇಟ್ ಎಂದು ಹೆಸರು. ಯೋವ್ ಬೆಂಜಮಿನಿ ಮತ್ತು ಯೋಸೆಫ್ ಹಾಕ್‌ಬರ್ಗ್ 1995ರಲ್ಲಿ ವಿಧಾನ ಕೊಟ್ಟರು. ಗಡಿ ಮೊದಲನೆಯದಕ್ಕೆ 0.0025, ಎರಡನೆಯದಕ್ಕೆ 0.005, ಮೂರನೆಯದಕ್ಕೆ 0.0075, ನಾಲ್ಕನೆಯದಕ್ಕೆ 0.01, ಹೀಗೆ ಏರುತ್ತಾ ಹೋಗುತ್ತದೆ. ಪಟ್ಟಿಯ ಕೆಳಗಿನಿಂದ ಮೇಲಕ್ಕೆ, ಅಂದರೆ ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ. 0.047, 0.034, 0.021 ಮೂರೂ ತಮ್ಮ ಗಡಿಗಿಂತ ಹೆಚ್ಚಿವೆ, ಪಾಸಾಗುವುದಿಲ್ಲ. 0.009 ಮಾತ್ರ 0.01ರ ಒಳಗಿದೆ. ಅಲ್ಲಿಂದ ಮೇಲಿರುವುದೆಲ್ಲ ಪಾಸು. ಹಾಗಾಗಿ 4. ನಿಮ್ಮ ಮೂರನೆಯದು, 0.008, ತನ್ನ ಗಡಿ 0.0075ನ್ನು ದಾಟಿದ್ದರೂ ಪಾಸಾಗುತ್ತದೆ, ಯಾಕೆಂದರೆ ಅದರ ಕೆಳಗಿನದು ಪಾಸಾಗಿದೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಸಾಫ್ಟ್‌ವೇರ್ ಮೂರಕ್ಕೂ ನಾಲ್ಕಕ್ಕೂ ತಿದ್ದಿದ ಪಿ-ವ್ಯಾಲ್ಯೂ ಒಂದೇ, 0.045, ತೋರಿಸಿದರೆ ಗಾಬರಿಯಾಗಬೇಡಿ. ಅದು ದೋಷವಲ್ಲ.

ಈ 5%ನ ಅರ್ಥದಲ್ಲಿ ಜಾಗ್ರತೆ ಬೇಕು. ನಾಲ್ಕರಲ್ಲಿ ಒಂದೊಂದೂ ಸುಳ್ಳಾಗುವ ಸಾಧ್ಯತೆ 5% ಎಂದಲ್ಲ. ಅದು ಪಟ್ಟಿಯ ಮೇಲಿನ ಸರಾಸರಿ ಮಾತು. 0.0004 ಬಂದ ಅಂಶಕ್ಕೂ 0.009 ಬಂದ ಅಂಶಕ್ಕೂ ಒಂದೇ ಧೈರ್ಯದಲ್ಲಿ ಮಾತಾಡಬೇಡಿ.

ರಕ್ತದ ಅಂಶಗಳು ಒಂದಕ್ಕೊಂದು ತಳುಕು ಹಾಕಿಕೊಂಡಿರುತ್ತವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಾನ್‌ಫೆರೋನಿ, ಹೋಮ್ ಎರಡಕ್ಕೂ ಅದರಿಂದ ತೊಂದರೆಯಿಲ್ಲ. ಬೆಂಜಮಿನಿ–ಹಾಕ್‌ಬರ್ಗ್ ವಿಧಾನ, ಟೆಸ್ಟ್‌ಗಳು ಸ್ವತಂತ್ರವಾಗಿದ್ದಾಗ ಮತ್ತು ಒಂದು ಬಗೆಯ ಧನಾತ್ಮಕ ಸಂಬಂಧ ಇದ್ದಾಗ ನಿಲ್ಲುತ್ತದೆ ಎಂದು ಸಾಬೀತಾಗಿದೆ. ಎಂಥ ಸಂಬಂಧವಿದ್ದರೂ ನಡೆಯುವ ಬಿಗಿಯಾದ ರೂಪವನ್ನು ಬೆಂಜಮಿನಿ ಮತ್ತು ಯೆಕುಟಿಯೆಲಿ 2001ರಲ್ಲಿ ಕೊಟ್ಟರು. ಅದನ್ನು ಹಾಕಿದರೆ ನಿಮಗೆ ಮತ್ತೆ ಒಂದೇ ಉಳಿಯುತ್ತದೆ.

ಹಾಗಾದರೆ ಯಾವುದು? ತಪ್ಪಿಗೆ ತೆರಬೇಕಾದ ಬೆಲೆ ನೋಡಿ. ಈ ಫಲಿತಾಂಶ ನಂಬಿ ಯಾರಿಗಾದರೂ ಔಷಧಿ ಕೊಡುವುದಿದ್ದರೆ ಹೋಮ್. ಮುಂದೆ ಏನನ್ನು ಹುಡುಕಬೇಕು ಎಂದು ಗುರುತಿಸುವ ಹಂತವಾದರೆ ಫಾಲ್ಸ್ ಡಿಸ್ಕವರಿ ರೇಟ್. ನಿಮ್ಮದು ಎರಡನೆಯದು ಅನ್ನಿಸುತ್ತದೆ. ಆದರೆ ಬಾನ್‌ಫೆರೋನಿಯಲ್ಲಿ ಒಂದೇ ಬಂದಿದ್ದು ನೋಡಿ ಆದ ಮೇಲೆ ಈ ಆಯ್ಕೆ ಮಾಡುತ್ತಿದ್ದೀರಿ. ಅದನ್ನು ಪ್ರಬಂಧದಲ್ಲಿ ಹಾಗೇ ಬರೆಯಿರಿ. ಹೋಮ್‌ನಲ್ಲಿ ಎರಡು, ಇದರಲ್ಲಿ ನಾಲ್ಕು ಎಂದು ಎರಡನ್ನೂ ಕೊಡಿ. ಪಟ್ಟಿಯಲ್ಲಿ 20 ಸಾಲೂ ಇರಲಿ. 13ನ್ನು ಬಿಡಬೇಡಿ, ಆ 13ರಲ್ಲಿ 'ವ್ಯತ್ಯಾಸವಿಲ್ಲ' ಎಂದೂ ಬರೆಯಬೇಡಿ. ನಿಮ್ಮ ಮಾಹಿತಿಯಲ್ಲಿ ಕಾಣಲಿಲ್ಲ, ಅಷ್ಟೇ. ಅಳೆದು ನೋಡಿ ಸುಮ್ನೆ ಪಕ್ಕಕ್ಕಿಟ್ಟ ಬೇರೆ ಅಂಶಗಳಿದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ. ಆಗ 20 ಎಂಬ ಸಂಖ್ಯೆಯೇ ಬದಲಾಗಬೇಕು.

ಸಾಧ್ಯವಾದರೆ ಆ ನಾಲ್ಕು ಅಂಶಗಳನ್ನು ಮಾತ್ರ ಹೊಸ ಜನರಲ್ಲಿ ಅಳೆಯಿರಿ. ಅಲ್ಲಿ ಟೆಸ್ಟ್ ನಾಲ್ಕೇ, ಅವನ್ನು ಆರಿಸಿದ್ದು ಆ ಮಾಹಿತಿ ನೋಡುವ ಮೊದಲೇ. ಆದ್ದರಿಂದ ಬಾನ್‌ಫೆರೋನಿ ಗಡಿಯೂ 0.0025 ಅಲ್ಲ, 0.0125. ನೀವು ಕೇಳಿದ ಹಾಗೆ ಚಿಕ್ಕ ಸಂಖ್ಯೆಯಿಂದ ಭಾಗಿಸಲು ಅಲ್ಲಿ ನಿಮಗೆ ಪೂರ್ತಿ ಹಕ್ಕಿದೆ.