ಆಕ್ಸಿಜನ್ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದಲ್ವಾ?

ಪ್ರಶ್ನೆ: ಅಮ್ಮನಿಗೆ 67 ವರ್ಷ, ಸಿಒಪಿಡಿ (ಉಸಿರಿನ ನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಮನೆಯಲ್ಲಿ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಿಷನ್) ಇಟ್ಟು, ನಿಮಿಷಕ್ಕೆ ಒಂದೂವರೆ ಲೀಟರ್‌ನಂತೆ ದಿನಕ್ಕೆ 15 ಗಂಟೆ ಕೊಡಿ ಅಂದಿದ್ದಾರೆ ಡಾಕ್ಟರ್. ಆಗ ರಕ್ತದ ಆಕ್ಸಿಜನ್ ಶೇಕಡಾ ಎಷ್ಟು ಅಂತ ಅಳೆಯುವ ಬೆರಳಿನ ಮೀಟರ್ 90 ತೋರಿಸುತ್ತದೆ. 4 ಲೀಟರ್‌ಗೆ ಏರಿಸಿದರೆ 97 ಬರುತ್ತದೆ. 4ರಲ್ಲೇ ಇಡಬಹುದಲ್ವಾ? ಇನ್ನೊಂದು ವಿಷಯ, ಆಕ್ಸಿಜನ್ ಒಮ್ಮೆ ಅಭ್ಯಾಸವಾದರೆ ಬಿಡಿಸಲು ಆಗಲ್ಲ ಅಂತ ದೊಡ್ಡಮ್ಮ ಹೆದರಿಸುತ್ತಿದ್ದಾರೆ. ಅದು ನಿಜವೇ?

ಉತ್ತರ: 4ರಲ್ಲಿ ಇಟ್ಟಿದ್ದರೆ ದಯವಿಟ್ಟು ಮೊದಲು ಡಾಕ್ಟರ್ ಹೇಳಿದ ಒಂದೂವರೆಗೆ ಇಳಿಸಿ. ಅಮ್ಮ ಮಂಪರಿನಲ್ಲಿದ್ದರೆ, ಕರೆದಾಗ ಸರಿಯಾಗಿ ಉತ್ತರ ಕೊಡದಿದ್ದರೆ, ಇದನ್ನು ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ರೆಸ್ಪಿರೇಟರಿ ಥೆರಪಿಸ್ಟ್. ನಿಮ್ಮ ಪ್ರಶ್ನೆಯನ್ನು ವಾರ್ಡಿನಲ್ಲಿ ಬಹಳ ಜನ ಕೇಳುತ್ತಾರೆ. 2021ರ ಏಪ್ರಿಲ್, ಮೇನಲ್ಲಿ ಸಿಲಿಂಡರ್‌ಗಾಗಿ ಊರೆಲ್ಲ ಅಲೆದ ಮೇಲೆ ನಮ್ಮೆಲ್ಲರ ಮನಸ್ಸಿನಲ್ಲಿ ಒಂದು ವಿಷಯ ಕೂತುಬಿಟ್ಟಿದೆ: ನಂಬರ್ ಮೇಲಿದ್ದರೆ ಬಚಾವ್, ಕೆಳಗಿದ್ದರೆ ಅಪಾಯ. ಕೋವಿಡ್ ನ್ಯುಮೋನಿಯಾದ ಲೆಕ್ಕವೇ ಬೇರೆ, ಸಿಒಪಿಡಿಯ ಲೆಕ್ಕವೇ ಬೇರೆ. ಆಕ್ಸಿಜನ್ ಒಂದು ಔಷಧಿ. ಅದಕ್ಕೂ ಡೋಸ್ ಇದೆ.

ಸಿಒಪಿಡಿ ಇರುವವರ ಶ್ವಾಸಕೋಶದಲ್ಲಿ ಕೆಲವು ಭಾಗಗಳಿಗೆ ಗಾಳಿ ಸರಿಯಾಗಿ ಹೋಗುವುದಿಲ್ಲ. ಅಂಥ ಕಡೆ ದೇಹವೇ ರಕ್ತನಾಳಗಳನ್ನು ಕಿರಿದು ಮಾಡಿ, ಗಾಳಿ ಚೆನ್ನಾಗಿ ಬರುವ ಕಡೆಗೆ ರಕ್ತವನ್ನು ತಿರುಗಿಸುತ್ತದೆ. ನೀವು ಆಕ್ಸಿಜನ್ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟರೆ ಕಿರಿದಾಗಿದ್ದ ನಾಳಗಳು ಮತ್ತೆ ತೆರೆದುಕೊಳ್ಳುತ್ತವೆ. ರಕ್ತ ಗಾಳಿಯಿಲ್ಲದ ಜಾಗಕ್ಕೆ ಹೋಗಿ, ಕಾರ್ಬನ್ ಡೈಆಕ್ಸೈಡನ್ನು ಹೊರಹಾಕದೆ ಹಾಗೇ ವಾಪಸ್ ಬರುತ್ತದೆ. ಜೊತೆಗೆ ಹಿಮೋಗ್ಲೋಬಿನ್‌ನಲ್ಲಿ ಆಕ್ಸಿಜನ್ ತುಂಬಿದಷ್ಟೂ ಅದು ಹಿಡಿದುಕೊಂಡಿದ್ದ ಕಾರ್ಬನ್ ಡೈಆಕ್ಸೈಡನ್ನು ರಕ್ತಕ್ಕೆ ಬಿಡುತ್ತದೆ. ಉಸಿರಾಟವೂ ಸ್ವಲ್ಪ ಮಂದವಾಗಬಹುದು. ಮೂರೂ ಸೇರಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಇದನ್ನು ಬೆರಳಿನ ಮೀಟರ್ ತೋರಿಸುವುದೇ ಇಲ್ಲ! 97 ನೋಡಿ ನೀವು ನೆಮ್ಮದಿಯಾಗಿರುತ್ತೀರಿ. ಅಮ್ಮ ಮಾತ್ರ ಬೆಳಗ್ಗೆ ತಲೆನೋವು ಅನ್ನುತ್ತಾರೆ, ಹಗಲಲ್ಲೂ ತೂಕಡಿಸುತ್ತಾರೆ, ಕೈ ಚಾಚಿದರೆ ಅದುರುತ್ತದೆ. ಈ ಲಕ್ಷಣಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದಕ್ಕೆ ಗಟ್ಟಿ ಪುರಾವೆ ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಬಂತು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಉಸಿರಾಟದ ತೊಂದರೆಯಿಂದ ಆಂಬುಲೆನ್ಸ್ ಕರೆದ 405 ಜನರಿದ್ದರು. ಕೆಲವರಿಗೆ ಮಾಮೂಲಿನಂತೆ ಧಾರಾಳವಾಗಿ ಆಕ್ಸಿಜನ್, ಉಳಿದವರಿಗೆ 88ರಿಂದ 92ರ ಒಳಗೆ ನಿಲ್ಲುವಷ್ಟು ಮಾತ್ರ. ಸಿಒಪಿಡಿ ಖಚಿತವಾಗಿದ್ದವರಲ್ಲಿ ಧಾರಾಳವಾಗಿ ಕೊಟ್ಟ ಕಡೆ ಶೇ. 9 ಜನ ತೀರಿಕೊಂಡರು, ಅಳೆದು ಕೊಟ್ಟ ಕಡೆ ಶೇ. 2. ಕೊಟ್ಟಿದ್ದು ಅದೇ ಆಕ್ಸಿಜನ್, ವ್ಯತ್ಯಾಸ ಪ್ರಮಾಣದಲ್ಲಿ ಮಾತ್ರ. ಈ ಸಂಖ್ಯೆಗಳನ್ನು ನಾನು ಹೊಸ ನರ್ಸ್‌ಗಳಿಗೆ ತಪ್ಪದೆ ಹೇಳುತ್ತೇನೆ. 90 ಬಂದರೆ ರಕ್ತದಲ್ಲಿ ಆಕ್ಸಿಜನ್ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 60 ಮಿಲಿಮೀಟರ್ ಇರುತ್ತದೆ. ನಿಮ್ಮ ಡಾಕ್ಟರ್ ತರಲು ಹೊರಟಿರುವುದು ಅದನ್ನೇ.

ಇನ್ನು 15 ಗಂಟೆಯ ವಿಷಯ. ಅದು ಸುಮ್ನೆ ಬಾಯಿಗೆ ಬಂದ ಸಂಖ್ಯೆ ಅಲ್ಲ. 1981ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 87 ರೋಗಿಗಳ ಅಧ್ಯಯನ ಪ್ರಕಟಿಸಿತು. ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಪಡೆದ 42 ಜನರಲ್ಲಿ ಐದು ವರ್ಷದೊಳಗೆ 19 ಜನ ತೀರಿಕೊಂಡರು. ಪಡೆಯದ 45 ಜನರಲ್ಲಿ 30. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದಲ್ಲಿ 203 ಜನರ ಮೇಲೆ ನಡೆದ ಅಧ್ಯಯನ ಬಂದಿತ್ತು. ರಾತ್ರಿ 12 ಗಂಟೆ ಮಾತ್ರ ತೆಗೆದುಕೊಂಡವರಲ್ಲಿ ಸಾವು, ಹಗಲೂ ರಾತ್ರಿ ತೆಗೆದುಕೊಂಡವರಿಗಿಂತ ಸುಮಾರು ಎರಡು ಪಟ್ಟು. ಹಾಗಂತ 24 ಗಂಟೆಯೂ ಕಟ್ಟಿ ಕೂರಿಸಬೇಕಿಲ್ಲ. 2024ರಲ್ಲಿ ಸ್ವೀಡನ್ನಿನ ಅಧ್ಯಯನ 15 ಗಂಟೆ ಮತ್ತು 24 ಗಂಟೆಯನ್ನು ಹೋಲಿಸಿ ನೋಡಿತು. ಒಂದು ವರ್ಷದಲ್ಲಿ ಸಾವಿನಲ್ಲಾಗಲಿ, ಆಸ್ಪತ್ರೆ ಸೇರುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಇದು ತುಂಬಾ ಸಂತೋಷ ಕೊಟ್ಟ ಸುದ್ದಿ. ನಿಮ್ಮ ಅಮ್ಮ ಪೈಪ್ ತೆಗೆದಿಟ್ಟು ಸ್ನಾನ ಮಾಡಬಹುದು, ಪಕ್ಕದ ಮನೆಗೆ ಹೋಗಿ ಮಾತಾಡಿಕೊಂಡು ಬರಬಹುದು. ರಾತ್ರಿ ನಿದ್ದೆಯ ಸಮಯ ಪೂರ್ತಿ ಹಾಕಿಕೊಂಡರೆ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತದೆ.

ದೊಡ್ಡಮ್ಮನಿಗೆ ಧೈರ್ಯವಾಗಿ ಹೇಳಿ, ಆಕ್ಸಿಜನ್‌ಗೆ ಚಟ ಇಲ್ಲ. ಕಾಯಿಲೆ ಹೆಚ್ಚಾದಾಗ ಅದರ ಅಗತ್ಯವೂ ಹೆಚ್ಚುತ್ತದೆ. ನೋಡುವವರಿಗೆ ಅದು ಅಭ್ಯಾಸದ ಹಾಗೆ ಕಾಣುತ್ತದೆ, ಅಷ್ಟೇ. ಎಷ್ಟೋ ಜನ ಈ ಭಯಕ್ಕೆ ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಹಾಕಿಕೊಂಡು, ಮಿಷನ್ ಮೇಲೆ ಬಟ್ಟೆ ಮುಚ್ಚಿಡುತ್ತಾರೆ. ನೋಡಿ ಸಂಕಟವಾಗುತ್ತದೆ.

ಬೇಡದಿದ್ದರೂ ಆಕ್ಸಿಜನ್ ಹಾಕಿಕೊಳ್ಳುವವರೂ ಇದ್ದಾರೆ. ಕೂತಾಗ 89ರಿಂದ 93 ಇರುವವರು, ನಡೆದಾಗ ಮಾತ್ರ ಇಳಿಯುವವರು, ಹೀಗೆ 738 ಜನರನ್ನು ಸೇರಿಸಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. 2016ರಲ್ಲಿ ಫಲಿತಾಂಶ ಬಂದಾಗ, ಮನೆಯ ಆಕ್ಸಿಜನ್‌ನಿಂದ ಅವರ ಆಯಸ್ಸು ಹೆಚ್ಚಲಿಲ್ಲ, ಆಸ್ಪತ್ರೆ ಸೇರುವುದೂ ತಪ್ಪಲಿಲ್ಲ. ಆದ್ದರಿಂದ ಅಮ್ಮನಿಗೆ ಯಾವಾಗ ಬರೆದುಕೊಟ್ಟರು ಅನ್ನುವುದು ಮುಖ್ಯ. ಕಾಯಿಲೆ ಉಲ್ಬಣಿಸಿ ಅಡ್ಮಿಟ್ ಆಗಿ ಡಿಸ್ಚಾರ್ಜ್ ಆಗುವಾಗ ಬರೆದಿದ್ದರೆ, ಎರಡು ಮೂರು ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಲೇಬೇಕು. ಚೇತರಿಸಿಕೊಂಡು ಆಕ್ಸಿಜನ್ ಬೇಡವಾಗುವವರು ಕಡಿಮೆಯೇನಿಲ್ಲ.

ಬೆರಳಿನ ಮೀಟರನ್ನು ತೀರಾ ನಂಬಬೇಡಿ. ಎರಡು ಮೂರು ಅಂಕಿ ಆಚೀಚೆ ಆಗುವುದು ಸಹಜ. ಚಳಿಗೆ ಕೈ ತಣ್ಣಗಿದ್ದರೆ, ನೈಲ್ ಪಾಲಿಶ್ ಇದ್ದರೆ ಇನ್ನೂ ತಪ್ಪುತ್ತದೆ. ಕಪ್ಪು ಚರ್ಮದವರಲ್ಲಿ ನಿಜವಾದ ಕೊರತೆಯನ್ನು ಅದು ಗುರುತಿಸದೆ ಹೋಗುವುದು ಬಿಳಿಯರಿಗಿಂತ ಸುಮಾರು 3 ಪಟ್ಟು ಹೆಚ್ಚು ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ಮೈಬಣ್ಣಕ್ಕೂ ಇದು ಯೋಚಿಸಬೇಕಾದ ಮಾತೇ. ಇನ್ನೊಂದು, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗಿಂತ ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ನಮಗೆ ಗೊತ್ತಾಗುವುದಿಲ್ಲ. ಅಮ್ಮನಂಥವರಿಗೆ ಒಂದೆರಡು ಅಂಕಿ ಇಳಿಯಬಹುದು. ಕರಾವಳಿಯ ನೆಂಟರ ಮನೆಯಲ್ಲಿ 92 ಇದ್ದು ಇಲ್ಲಿ 90 ಬಂದರೆ ಗಾಬರಿಯಾಗಿ ಗುಂಡಿ ತಿರುಗಿಸಬೇಡಿ.

ಮನೆಯಲ್ಲಿ ನನಗೆ ಅತಿ ಹೆಚ್ಚು ಭಯ ಬೆಂಕಿಯದು. ಮೂಗಿಗೆ ಪೈಪ್ ಇರುವಾಗ ದೇವರ ದೀಪ ಹಚ್ಚುವುದು, ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಬೇಡ. ಪೂಜೆ ಬಿಡಲು ಹೇಳಬೇಡಿ, ಅಮ್ಮಂದಿರು ಒಪ್ಪಲ್ಲ. ದೀಪ ನೀವು ಹಚ್ಚಿ, ಅವರು ದೂರದಲ್ಲಿ ಕೂತು ಕೈಮುಗಿಯಲಿ. ಮೂಗು ಒಣಗಿದರೆ ವ್ಯಾಸಲಿನ್ ಹಚ್ಚಬೇಡಿ, ನೀರಿನ ಅಂಶದ ಜೆಲ್ ಸಿಗುತ್ತದೆ. ಕರೆಂಟ್ ಹೋದರೆ ಕಾನ್ಸಂಟ್ರೇಟರ್ ನಿಲ್ಲುತ್ತದೆ, ಹಾಗಾಗಿ ಬಿ ಟೈಪ್ ಸಿಲಿಂಡರ್ ಒಂದು ಇರಲಿ. ಅದರಲ್ಲಿ ಸುಮಾರು 1500 ಲೀಟರ್ ಇರುತ್ತದೆ, ಒಂದೂವರೆ ಲೀಟರ್‌ನಂತೆ 16 ಗಂಟೆಗೂ ಹೆಚ್ಚು ಬರುತ್ತದೆ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಎಬಿಜಿ ಮಾಡಿಸಲು ಕೇಳಿ, ಅಂದರೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ನೋಡುವ ಪರೀಕ್ಷೆ. ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಕೂತಾಗ ಎಷ್ಟು ಲೀಟರ್, ಮಲಗಿದಾಗ ಎಷ್ಟು, ನಡೆಯುವಾಗ ಎಷ್ಟು, ಮೀಟರ್ ಎಷ್ಟರಿಂದ ಎಷ್ಟರೊಳಗೆ ಇರಬೇಕು, ಇಷ್ಟನ್ನೂ ಚೀಟಿಯಲ್ಲಿ ಬರೆಸಿಕೊಂಡು ಬಂದು ಮಿಷನ್ ಮೇಲೆ ಅಂಟಿಸಿ. ಎಬಿಜಿ ರಿಪೋರ್ಟ್ ಬಂದ ಮೇಲೆ ಏನಾದರೂ ಅರ್ಥವಾಗದಿದ್ದರೆ ಇಲ್ಲೇ ಕೇಳಿ.