ಮಗನಿಗೆ ಲಂಗ ಹಾಕಿ ಫೋಟೋ ತೆಗೆಸಿದ್ರಿಂದ ಅವನು ಹುಡುಗಿ ಥರ ಆಗ್ಬಿಟ್ನಾ?

ಇಲ್ಲ, ಆ ಫೋಟೋದಿಂದ ಏನೂ ಆಗಿಲ್ಲ, ಇದನ್ನ ನಿಮ್ಮ ಅತ್ತೆಗೂ ಓದಿ ಹೇಳಿ. ಮುಡಿ ಕೊಡೋಕೆ ಮುಂಚೆ ಮಗನಿಗೆ ಲಂಗ ಹಾಕಿ ಚೌರಿ ಕಟ್ಟಿ ಮೊಗ್ಗಿನ ಜಡೆ ಹಾಕಿಸಿ ಫೋಟೋ ತೆಗೆಸಿದ್ವಿ, ಈಗ ಅವನಿಗೆ ಐದು ವರ್ಷ, ನನ್ನ ದುಪಟ್ಟಾ ಸುತ್ಕೊಂಡು ಕನ್ನಡಿ ಮುಂದೆ ಕುಣೀತಾನೆ, ಅವರಪ್ಪ ಎರಡು ಸಲ ಹೊಡೆದ್ರು, ಅತ್ತೆ ದಿನಾ ಆ ಫೋಟೋದ ಮಾತೇ ಎತ್ತುತ್ತಾರೆ, ಹಾರ್ಮೋನ್ ಟೆಸ್ಟ್ ಮಾಡಿಸ್ಲಾ ಅಂತ ಬರೆದಿದ್ದೀರಿ. ನಮ್ಮ ಕಡೆ ಎಷ್ಟೋ ಮನೆಗಳ ಆಲ್ಬಮ್ಮಲ್ಲಿ ಅಂಥ ಫೋಟೋ ಇದೆ, ಆ ಹುಡುಗರೆಲ್ಲ ಮೀಸೆ ಬಂದು ಮದುವೆಯಾಗಿ ಮಕ್ಕಳಿರೋರು. ಯಕ್ಷಗಾನದಲ್ಲಿ, ಹಳೇ ನಾಟಕ ಕಂಪನಿಗಳಲ್ಲಿ ಜೀವಮಾನ ಪೂರ್ತಿ ಸ್ತ್ರೀವೇಷ ಹಾಕಿದ ಕಲಾವಿದರಿದ್ದಾರೆ, ಬಣ್ಣ ತೊಳೆದು ಮನೆಗೆ ಹೋದ್ರೆ ಅವರು ಗಂಡ, ಅಪ್ಪ, ಅಜ್ಜ.

ನಾನು ಎಲ್‌ಕೆಜಿ ಯುಕೆಜಿ ಮಕ್ಕಳಿಗೆ ಪಾಠ ಮಾಡೋಳು, ಈ ವಯಸ್ಸಿನವರನ್ನ ದಿನಾ ನೋಡ್ತೀನಿ. ಎರಡು ಎರಡೂವರೆ ವರ್ಷಕ್ಕೆ ಇವನು ಹುಡುಗ ಇವಳು ಹುಡುಗಿ ಅಂತ ಗುರುತು ಹಿಡೀತಾರೆ, ಮೂರಕ್ಕೆಲ್ಲ ತಾನೇನು ಅಂತ ಹೇಳ್ತಾರೆ, ಆದ್ರೆ ಬಟ್ಟೆ ಕೂದಲು ಬದಲಾದ ಮಾತ್ರಕ್ಕೆ ಅದು ಬದಲಾಗಲ್ಲ ಅನ್ನೋದು ಸರಿಯಾಗಿ ತಲೆಗೆ ಹೋಗೋದು ಐದರಿಂದ ಏಳರ ಹೊತ್ತಿಗೆ. ನಮ್ಮ ಕ್ಲಾಸಲ್ಲಿ ಒಬ್ಬಳು ಹುಡುಗಿ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ಳು, ನುಣ್ಣನೆ ತಲೆಗೆ ಗಂಧ ಹಚ್ಚಿದ್ರು. ಪಕ್ಕದಲ್ಲಿ ಕೂರೋ ಹುಡುಗ ಎದ್ದು ಬಂದು "ಮಿಸ್, ಇವ್ಳು ಹುಡುಗ ಆಗ್ಬಿಟ್ಟಿದಾಳೆ, ಬಾಯ್ಸ್ ಲೈನಲ್ಲಿ ನಿಲ್ಸಿ" ಅಂದ, ತಮಾಷೆಗಲ್ಲ, ಅವನಿಗೆ ನಿಜವಾಗ್ಲೂ ಹಾಗೇ ಅನಿಸಿತ್ತು. ಅವಳು ಕಿವಿ ಹಿಡಿದು ತೋರಿಸಿ "ನಂಗೆ ಓಲೆ ಇದೆ" ಅಂತ ಅಳೋಕೆ ಶುರು ಮಾಡಿದ್ಳು. ಹುಡುಗಿ ಅಂದ್ರೆ ಜಡೆ ಓಲೆ ಬಳೆ, ಹುಡುಗ ಅಂದ್ರೆ ಬೈಕು ಪ್ಯಾಂಟು ಅನ್ನೋ ರೂಲ್ಸು ಮಕ್ಕಳಿಗೆ ಮನೆ, ಟಿವಿ, ಸ್ಕೂಲು, ನೆಂಟರು ಎಲ್ಲರಿಂದ ಬರುತ್ತೆ. "ಹುಡುಗ ಆಗಿ ಅಳ್ತೀಯಾ" ಅಂತ ನಾವೇ ಹೇಳ್ತಿರ್ತೀವಲ್ಲ, ಅಲ್ಲಿಂದ ಕಲೀತಾರೆ. ಆದ್ರೆ ನಾನು ಹುಡುಗ, ನಾನು ಹುಡುಗಿ ಅನ್ನೋ ಒಳಗಿನ ಅನಿಸಿಕೆ, ಅಂದ್ರೆ ಜೆಂಡರ್ ಐಡೆಂಟಿಟಿ, ಇದನ್ನೆಲ್ಲ ಕಲಿಸಿದ ಮಾತ್ರಕ್ಕೆ ಹುಟ್ಟೋದಲ್ಲ.

ಇದು ನನ್ನ ಒಬ್ಬಳ ಅಭಿಪ್ರಾಯ ಅಲ್ಲ. ಬೆಳೆಸಿದ ಹಾಗೆ ಮಗು ಆಗುತ್ತೆ ಅಂತ ನಂಬಿ ಒಂದು ಮಗುವಿನ ಬದುಕನ್ನೇ ಪ್ರಯೋಗ ಮಾಡಿದ್ದಾರೆ. ಕೆನಡಾದ ವಿನ್ನಿಪೆಗ್‌ನಲ್ಲಿ 1965ರಲ್ಲಿ ಅವಳಿ ಗಂಡು ಮಕ್ಕಳು ಹುಟ್ಟಿದ್ರು, ಅದರಲ್ಲಿ ಬ್ರೂಸ್ ರೀಮರ್ ಅನ್ನೋ ಮಗುವಿಗೆ ಎಂಟು ತಿಂಗಳಲ್ಲಿ ಸುನ್ನತಿ ಆಪರೇಷನ್ ಮಾಡುವಾಗ ಕರೆಂಟಿನ ಉಪಕರಣದಿಂದ ಅಂಗ ಸುಟ್ಟು ಹೋಯ್ತು. ಅಪ್ಪ ಅಮ್ಮ ಇನ್ನೂ ಸಣ್ಣ ವಯಸ್ಸಿನವರು, ದಿಕ್ಕು ತೋಚದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಜಾನ್ ಮನಿ ಅನ್ನೋ ಮನಶ್ಶಾಸ್ತ್ರಜ್ಞನ ಹತ್ರ ಹೋದ್ರು. ಅವನ ಸಲಹೆ ಮೇಲೆ ಎರಡು ವರ್ಷ ತುಂಬೋ ಮುಂಚೆನೇ ವೃಷಣ ತೆಗೆಸಿ, ಬ್ರೆಂಡಾ ಅಂತ ಹೆಸರಿಟ್ಟು, ಫ್ರಾಕ್ ಗೊಂಬೆ ಎಲ್ಲ ಕೊಟ್ಟು ಹುಡುಗಿಯಾಗೇ ಬೆಳೆಸಿದ್ರು, ಹರೆಯಕ್ಕೆ ಬಂದಾಗ ಹೆಣ್ಣಿನ ಹಾರ್ಮೋನ್ ಕೂಡ ಕೊಟ್ರು. ಜೊತೆಗೆ ಹುಟ್ಟಿದ ಅಣ್ಣತಮ್ಮ ಹುಡುಗನಾಗೇ ಬೆಳೀತಿದ್ದ, ಹಾಗಾಗಿ ಜಾನ್ ಮನಿಗೆ ಹೋಲಿಸಿ ನೋಡೋಕೆ ಅನುಕೂಲ, ಪ್ರಯೋಗ ಗೆದ್ದಿದೆ ಅಂತ 1972ರಲ್ಲಿ ಪ್ರಪಂಚಕ್ಕೆಲ್ಲ ಸಾರಿದ. ಮನೆಯಲ್ಲಿ ನಡೀತಿದ್ದದ್ದು ಬೇರೆ. ಆ ಮಗು ಮೊದಲ ಫ್ರಾಕ್ ಹಾಕಿದಾಗಲೇ ಕಿತ್ತು ಹಾಕೋಕೆ ನೋಡಿತ್ತು, ಸ್ಕೂಲಲ್ಲಿ ಯಾರ ಜೊತೆಗೂ ಹೊಂದಲಿಲ್ಲ, ಹದಿಹರೆಯದಲ್ಲಿ ಸಾಯ್ತೀನಿ ಅನ್ನೋ ಮಟ್ಟಕ್ಕೆ ಹೋಯ್ತು. 1980ರಲ್ಲಿ, ಹದಿನಾಲ್ಕನೇ ವಯಸ್ಸಲ್ಲಿ, ಅಪ್ಪ ನಿಜ ಹೇಳಿದ್ರು, ಆಮೇಲೆ ತಾನೇ ಡೇವಿಡ್ ಅಂತ ಹೆಸರಿಟ್ಕೊಂಡು ಗಂಡಸಾಗಿ ಬದುಕಿದ, ಮದುವೆಯಾದ. 1997ರಲ್ಲಿ ನಿಜ ಸಂಗತಿ ಹೊರಗೆ ಬಂತು, 2004ರಲ್ಲಿ ಡೇವಿಡ್ ಆತ್ಮಹತ್ಯೆ ಮಾಡ್ಕೊಂಡ. ನನಗೆ ಈ ಕಥೆ ಹೇಳುವಾಗಲೆಲ್ಲ ಹೊಟ್ಟೆ ಉರಿಯುತ್ತೆ, ಆ ಹುಡುಗ ತನ್ನ ಬಾಯಿಂದಲೇ ಹೇಳ್ತಿದ್ದದ್ದನ್ನ ಒಬ್ಬರಾದ್ರೂ ಕೇಳಿದ್ರೆ ಸಾಕಿತ್ತು.

ಎಲ್ಲಾ ಕಡೆ ಹೀಗೇ ಆಗುತ್ತೆ ಅಂತಲೂ ಇಲ್ಲ. ಅದೇ ಥರ ಸುನ್ನತಿಯಲ್ಲಿ ಅವಘಡ ಆಗಿ ಏಳು ತಿಂಗಳಿಂದ ಹುಡುಗಿಯಾಗಿ ಬೆಳೆದ ಇನ್ನೊಬ್ಬರ ವಿಷಯ 1998ರಲ್ಲಿ ಪ್ರಕಟ ಆಯ್ತು, ಅವರು ದೊಡ್ಡವರಾದ್ಮೇಲೂ ನಾನು ಹೆಣ್ಣೇ ಅಂದ್ರು. 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹುಟ್ಟಿನಿಂದಲೇ ಹೊಟ್ಟೆಯ ಕೆಳಭಾಗ, ಜನನಾಂಗ ಸರಿಯಾಗಿ ಬೆಳೆಯದ ಗಂಡು ಮಕ್ಕಳಲ್ಲಿ 14 ಜನರನ್ನ ಹುಡುಗಿಯರಾಗಿ ಬೆಳೆಸಿದ್ರು, ಅದರಲ್ಲಿ 8 ಮಕ್ಕಳು ಆಮೇಲೆ ನಾವು ಹುಡುಗರು ಅಂತ ಹೇಳಿದ್ರು, ಉಳಿದವರು ಹೇಳಲಿಲ್ಲ. ಡೊಮಿನಿಕನ್ ರಿಪಬ್ಲಿಕ್‌ನ ಸಲಿನಾಸ್ ಅನ್ನೋ ಹಳ್ಳಿಯಲ್ಲಿ ಒಂದು ಎನ್‌ಜೈಮ್ ಕೊರತೆಯಿಂದ ಕೆಲವು ಗಂಡು ಮಕ್ಕಳು ಹುಟ್ಟುವಾಗ ಹೆಣ್ಣಿನ ಥರ ಕಾಣ್ತಾರೆ, ಹರೆಯದಲ್ಲಿ ದೇಹ ಗಂಡಾಗುತ್ತೆ, ಹುಡುಗಿಯರಾಗೇ ಬೆಳೆದ ಅಂಥ 18 ಜನರಲ್ಲಿ 17 ಜನ ಗಂಡು ಅಂತ ಗುರುತಿಸಿಕೊಂಡ್ರು ಅಂತ 1979ರ ವರದಿ. ಹಾಗಾಗಿ ತಾಯಿ ಹೊಟ್ಟೆಯಲ್ಲಿದ್ದಾಗ ಮಿದುಳಿನ ಮೇಲೆ ಕೆಲಸ ಮಾಡೋ ಹಾರ್ಮೋನು, ವಂಶವಾಹಿ, ಆಮೇಲಿನ ದೇಹದ ಬದಲಾವಣೆ, ಸುತ್ತಲಿನ ಸಮಾಜ, ಎಲ್ಲಾ ಸೇರಿ ಏನೋ ಒಂದು ಆಗುತ್ತೆ. ಇದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸೋ ಒಂದೇ ಜೀನು ಇಲ್ಲ, ಅಮ್ಮ ಮಾಡಿದ ತಪ್ಪಂತೂ ಅಲ್ವೇ ಅಲ್ಲ.

ನಮ್ಮಲ್ಲೇ ನೋಡಿ, ಮಂಜಮ್ಮ ಜೋಗತಿ ಅವರು ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಅಂತ ಹುಡುಗನಾಗೇ ಬೆಳೆದೋರು, ಯಾರೂ ಹೆಣ್ಣಾಗು ಅಂತ ಹೇಳ್ಕೊಡಲಿಲ್ಲ, ಆದ್ರೂ ಒಳಗಿಂದ ತಾನು ಹೆಣ್ಣು ಅಂತಲೇ ಅನಿಸ್ತು. ಕೊನೆಗೆ ಮನೆಯವರು ಹುಲಿಗಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ರು, ಜೋಗತಿಯಾಗಿ ಕುಣಿತ ಕಲಿತರು, ಜಾನಪದ ಅಕಾಡೆಮಿ ಅಧ್ಯಕ್ಷೆಯಾದ್ರು, 2021ರಲ್ಲಿ ಪದ್ಮಶ್ರೀ ಬಂತು. ಅವರು ಪಟ್ಟ ಕಷ್ಟದಲ್ಲಿ ಎಷ್ಟೋ ಪಾಲು ಜನ ಕೊಟ್ಟಿದ್ದು.

ಈಗ ನಿಮ್ಮ ಮಗನ ವಿಷಯ. ದುಪಟ್ಟಾ ಸುತ್ಕೊಂಡು ಕುಣಿಯೋದು, ಅಡುಗೆ ಆಟ, ಗೊಂಬೆ ಇಷ್ಟ ಅನ್ನೋದು ಬೇರೆ, "ನಾನು ಹುಡುಗ ಅಲ್ಲ, ಹುಡುಗಿ" ಅಂತ ತಿಂಗಳುಗಟ್ಟಲೆ ವರ್ಷಗಟ್ಟಲೆ ಹಟ ಹಿಡಿದು, ತನ್ನ ದೇಹದ ಬಗ್ಗೆ ಬೇಜಾರು ಮಾಡ್ಕೊಂಡು ಹೇಳೋದು ಬೇರೆ. ನೀವು ಬರೆದಿರೋದ್ರಲ್ಲಿ ಎರಡನೇದು ಎಲ್ಲೂ ಇಲ್ಲ. ಮೊದಲನೇದು ಇರೋ ಬಹಳಷ್ಟು ಹುಡುಗರು ದೊಡ್ಡವರಾದ್ಮೇಲೆ ಹುಡುಗರಾಗೇ ಇರ್ತಾರೆ, ಕೆಲವರಿಗೆ ಡ್ಯಾನ್ಸೇ ಉಸಿರಾಗುತ್ತೆ ಅಷ್ಟೆ. ಒಂದು ವೇಳೆ ಮುಂದೆ ಅವನು ಎರಡನೇ ಥರ ಹೇಳಿದ್ರೂ ಅದು ಮಾನಸಿಕ ಕಾಯಿಲೆ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನ ಆ ಪಟ್ಟಿಯಿಂದಲೇ ತೆಗೆದಿದೆ, 2022ರಿಂದ ಹೊಸ ಪಟ್ಟಿ ಜಾರಿಯಲ್ಲಿದೆ. ಅವರಪ್ಪನಿಗೆ ಹೇಳಿ, ಹೊಡೆದ್ರೆ ಒಳಗಿರೋದು ಹೋಗಲ್ಲ, ಅಪ್ಪನ ಮುಂದೆ ಬಾಯಿ ಬಿಡೋದು ಮಾತ್ರ ನಿಂತು ಹೋಗುತ್ತೆ, ಡೇವಿಡ್ ಮನೆಯಲ್ಲಿ ಪ್ರೀತಿ ಇದ್ದೂ ಅಷ್ಟಾಯ್ತು, ಇಲ್ಲಿ ಏಟು ಬೇರೆ.

ಹಾರ್ಮೋನ್ ಟೆಸ್ಟ್ ಬೇಡ. ಐದು ವರ್ಷದಲ್ಲಿ ಗಂಡು ಹೆಣ್ಣು ಇಬ್ಬರಲ್ಲೂ ಲೈಂಗಿಕ ಹಾರ್ಮೋನು ತೀರಾ ಕಮ್ಮಿ ಇರುತ್ತೆ, ಮಗು ಯಾವ ಆಟ ಆಡುತ್ತೆ, ತನ್ನನ್ನ ಏನಂದ್ಕೊಳ್ಳುತ್ತೆ ಅನ್ನೋದು ಆ ರಿಪೋರ್ಟಲ್ಲಿ ಕಾಣಲ್ಲ. ಹುಟ್ಟಿದಾಗ ಡಾಕ್ಟರು ಅಂಗದ ಬಗ್ಗೆ ಏನಾದ್ರೂ ಅನುಮಾನ ಹೇಳಿದ್ರೆ ಮಾತ್ರ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ. ಯಾರಾದ್ರೂ "ಇದನ್ನ ಸರಿ ಮಾಡ್ತೀವಿ" ಅಂತ ದುಡ್ಡು ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಡಾಕ್ಟರುಗಳು ಹಾಗೆ ಬದಲಾಯಿಸೋ ಥೆರಪಿ ಮಾಡೋದು ವೃತ್ತಿ ದುರ್ನಡತೆ ಅಂತ 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ನಿಮಗೆ ಯಾರ ಹತ್ರ ಆದ್ರೂ ಮಾತಾಡ್ಬೇಕು ಅನಿಸಿದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮಗನನ್ನ ಕೌನ್ಸೆಲಿಂಗ್‌ಗೆ ಎಳ್ಕೊಂಡು ಹೋಗ್ಬೇಡಿ ಈಗಲೇ, ಮೊದಲು ನೀವು ಗಂಡ ಹೆಂಡತಿ ಇಬ್ಬರೇ ಮಾತಾಡಿ, ಆಗೋದಾದ್ರೆ ಅತ್ತೆಯನ್ನೂ ಕೂರಿಸ್ಕೊಳ್ಳಿ.